ಇಪ್ಪತ್ನಾಲ್ಕು ಸ್ಲಾಟಿನ ತಲೆ

ನಮ್ಮನೆಯವರಿಗೆ ಹೆಂಡತಿಯ ತಲೆಗೂ ಬೋರ್‌ವೆಲ್ ಮೋಟರಿಗೂ ವ್ಯತ್ಯಾಸ ಗೊತ್ತಿಲ್ಲ! ಇದು ಕೋಪದಲ್ಲಿ ಆಡಿದ ಮಾತಲ್ಲ. ಕೋಪವೆಲ್ಲ ಇಳಿದ ಮೇಲೆ ಸಮಾಧಾನವಾಗಿ ಕೂತು ಬರೆಯುತ್ತಿರುವ ಮಾತು. ಹೊಳಲ್ಕೆರೆಯಲ್ಲಿ ಅವರದೊಂದು ಮೋಟರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟ ಮೋಟರಿನ ಹೊಟ್ಟೆಯಿಂದ ಕರಿ ತಂತಿ ಕಿತ್ತು, ಒಳಗಿನ ಸ್ಲಾಟು ಎಂಬ ಸೀಳುಗಳಿಗೆಲ್ಲ ಹೊಸ ತಾಮ್ರದ ತಂತಿ ಸುತ್ತಿ ಜೀವ ಕೊಡುವುದು ಅವರ ಕೆಲಸ. ಮನೆಗೆ ಬಂದರೂ ಆ ಗುಂಗು ಇಳಿಯುವುದಿಲ್ಲ. ಮಿಕ್ಸಿ ಗುರುಗುಟ್ಟಿದರೆ "ಬೇರಿಂಗ್ ಹೋಗೈತೆ" ಎನ್ನುತ್ತಾರೆ, ಸರಿ. ನನಗೆ ಜ್ವರ ಬಂದರೆ "ಓವರ್‌ಲೋಡು" ಎನ್ನುವುದೇ?

ಇನ್ನು ನನ್ನ ತಲೆಯ ವಿಷಯ. ಅದನ್ನು ನಾನೇ ಹೇಳಿಬಿಡುವುದು ವಾಸಿ, ಬೇರೆಯವರು ಇನ್ನೂ ಕೆಟ್ಟದಾಗಿ ಹೇಳುತ್ತಾರೆ. ನನ್ನದು ಗುಂಗುರು ಕೂದಲು. ಗುಂಗುರು ಎಂದ ಕೂಡಲೇ ಹಣೆಯ ಮೇಲೆ ನಾಚುವ ಎರಡು ಎಳೆ ಎಂದುಕೊಂಡರೆ ಅದು ನಿಮ್ಮ ಒಳ್ಳೆಯತನ. ತಾಳ್ಯದಲ್ಲಿ ನಮ್ಮಮ್ಮ ಬಾಚಣಿಗೆ ಹಿಡಿದು ಕೂತರೆ, "ಇದು ತಲೇನೋ ಸೀಮೆಜಾಲಿ ಪೊದೇನೋ ಶಿವನೇ" ಎನ್ನುತ್ತಿದ್ದಳು. ಈಗ ನಾನು ಪ್ರೈಮರಿ ಶಾಲೆಯ ಟೀಚರು. ಒಮ್ಮೆ ಕೆಂಪು ಪೆನ್ನು ಕಳೆಯಿತೆಂದು ಇಡೀ ತರಗತಿಯನ್ನು ನಿಲ್ಲಿಸಿ ಬೈದೆ. ಸಂಜೆ ಮನೆಯಲ್ಲಿ ಜಡೆ ಬಿಚ್ಚಿದರೆ ಪೆನ್ನು ಟಪ್ಪನೆ ಕೆಳಗೆ ಬಿತ್ತು. ಮಾರನೆಯ ದಿನ ಆ ಮಕ್ಕಳ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ.

ಈ ಕೂದಲಿನ ಮಹಾಪರಾಧ ನಮ್ಮ ಮದುವೆಯ ಫೋಟೋ. ಧಾರೆ ಮುಗಿಸಿ ಇಬ್ಬರನ್ನೂ ಚಪ್ಪರದ ಹೊರಗೆ ನಿಲ್ಲಿಸಿದರು. ರೀಲಿನಲ್ಲಿ ಉಳಿದಿದ್ದದ್ದು ಒಂದೇ ಒಂದು ಫೋಟೋ. ಅದೇ ಹೊತ್ತಿಗೆ ಗಾಳಿ ಬೀಸಿ, ಜಡೆಯಿಂದ ತಪ್ಪಿಸಿಕೊಂಡ ಕೂದಲೆಲ್ಲ ಮದುಮಗನ ಮುಖಕ್ಕೆ ಬಡಿಯಿತು. ಫೋಟೋದಲ್ಲಿ ಪೇಟ ಇದೆ, ಮೀಸೆಯ ಒಂದು ತುದಿ ಇದೆ, ಉಳಿದ ಜಾಗವೆಲ್ಲ ನಾನೇ! ಮನೆಗೆ ಬಂದವರೆಲ್ಲ ಗೋಡೆ ನೋಡಿ "ಯಜಮಾನ್ರು ಎಲ್ಲವ್ರೆ?" ಎಂದು ಕೇಳುತ್ತಾರೆ. ಅದಕ್ಕೇ ಹಟ ಹಿಡಿದೆ. ಮದುವೆಗೆ ಇಪ್ಪತ್ತೈದು ವರ್ಷ ತುಂಬುವ ದಿನ ದುರ್ಗದ ಸ್ಟುಡಿಯೋಕ್ಕೆ ಹೋಗಬೇಕು, ಇಬ್ಬರ ಮುಖವೂ ಪೂರ್ತಿ ಕಾಣುವ ಒಂದೇ ಒಂದು ಫೋಟೋ ತೆಗೆಸಬೇಕು. ಇನ್ನೂ ಆರು ತಿಂಗಳಿರುವಾಗಲೇ ಕೂದಲು ನೆಟ್ಟಗೆ ಮಾಡಲು ಹೇರ್ ಡ್ರೈಯರ್ ತರಿಸಿದೆ.

ಮೊಬೈಲಿನ ವಿಡಿಯೋದಲ್ಲಿ ಒಬ್ಬ ಹುಡುಗಿ ಐದು ನಿಮಿಷದಲ್ಲಿ ಕೂದಲು ನೆಟ್ಟಗೆ ಮಾಡಿ ತೋರಿಸಿದಳು. ಅವಳ ಕೂದಲು ಮೊದಲೇ ನೆಟ್ಟಗಿತ್ತು ಎಂಬುದು ನನ್ನಂಥ ಬುದ್ಧಿವಂತೆಗೆ ಹೊಳೆಯಬೇಡವೇ? ಬಲಗೈಲಿ ಬ್ರಷ್ಷು, ಎಡಗೈಲಿ ಡ್ರೈಯರು ಹಿಡಿದು ಶುರು ಮಾಡಿದೆ. ಡ್ರೈಯರಿನ ಮುಂದಿನಿಂದ ಗಾಳಿ ಬರುತ್ತದೆ ಎಂದರೆ ಹಿಂದಿನಿಂದ ಅದು ಗಾಳಿ ಎಳೆಯುತ್ತದೆ ಎಂದು ಯಾರಾದರೂ ಹೇಳಬಾರದೇ! ಒಂದು ಹಿಡಿ ಕೂದಲನ್ನು ಸುರ್ರನೆ ಒಳಗೆಳೆದುಕೊಂಡಿತು. ತಲೆಗೆ ಡ್ರೈಯರ್ ನೇತುಹಾಕಿಕೊಂಡು "ರೀ!" ಎಂದು ಕಿರುಚಿದೆ.

ಅವರು ನಗಲಿಲ್ಲ. ಓಡಿ ಬಂದು ಪ್ಲಗ್ ಕಿತ್ತರು, ನನ್ನ ತಲೆಯ ಹತ್ತಿರ ಮೂಗು ತಂದು ಮೂಸಿದರು. "ಅಲ್ಲಾಡ್‌ಬ್ಯಾಡ ಲೇ, ಫ್ಯಾನಿಗೆ ಸುತ್ಕಂಡೈತೆ" ಎಂದು ಅರ್ಧ ಗಂಟೆ ಸ್ಕ್ರೂಡ್ರೈವರ್ ಹಿಡಿದು, ಒಂದೊಂದೇ ಎಳೆ ಬಿಡಿಸಿದರು. ಆಮೇಲೆ ಡ್ರೈಯರನ್ನು ಕ್ಲೀನ್ ಮಾಡುತ್ತೇನೆಂದು ಅಂಗಡಿಗೆ ಒಯ್ದರು. ಸಂಜೆ ತಂದುಕೊಟ್ಟು, "ಇದು ನಿನ್ ಕೈಲಾಗಾ ಕೆಲ್ಸ ಅಲ್ಲ. ಇನ್ಮ್ಯಾಲೆ ನಾನೇ ಮಾಡ್ತೀನಿ" ಎಂದರು.

ಮಾಡಿದರು ಕೂಡ! ಹಿರಿಯೂರಿನಲ್ಲಿ ನಾಮಕರಣವೊಂದಿತ್ತು. ಬೆಳಗ್ಗೆ ಕನ್ನಡಕ ಏರಿಸಿ, ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ತಲೆಯನ್ನೂ ಮೋಟರಿನ ಹಾಗೆ ಇಪ್ಪತ್ನಾಲ್ಕು ಸ್ಲಾಟಾಗಿ ವಿಂಗಡಿಸಿದರು. ಒಂದೊಂದು ಸ್ಲಾಟಿಗೂ ಮೋಟರಿಗೆ ಕಟ್ಟುವ ಬಿಳಿ ಹತ್ತಿ ಟೇಪು. "ಮೂರ್ನೇ ಸ್ಲಾಟು ಬಿಗಿ ಆತು" "ಹನ್ನೊಂದ್ನೇದು ಸಡ್ಲ ಐತೆ" ಎಂದು ಗೊಣಗುತ್ತ ಗಂಟೆಗಟ್ಟಲೆ ಗಾಳಿ ಹಿಡಿದರು. ಮುಗಿದ ಮೇಲೆ ನೆತ್ತಿಯ ಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಟಕಟಕ ತಟ್ಟಿ, "ಸೌಂಡ್ ಕರೆಕ್ಟಾಗೈತೆ" ಎಂದರು. ಕನ್ನಡಿಯಲ್ಲಿ ನೋಡಿದರೆ ಕೂದಲು ಹೆಚ್ಚುಕಡಿಮೆ ನೆಟ್ಟಗೇ ಇತ್ತು. ನಾನು ರಾಣಿಯ ಹಾಗೆ ಬಸ್ಸು ಹತ್ತಿದೆ.

ದುರ್ಗ ದಾಟುವಷ್ಟರಲ್ಲಿ ಕಿವಿಯ ಹತ್ತಿರ ಒಂದು ಸುರುಳಿ ಎದ್ದಿತು. ಐಮಂಗಲಕ್ಕೆ ಅದರ ಬಂಧುಬಳಗವೆಲ್ಲ ಎದ್ದರು. ಹಿರಿಯೂರಿನಲ್ಲಿ ಇಳಿದಾಗ ಸೀಮೆಜಾಲಿ ಪೊದೆ ಯಥಾಪ್ರಕಾರ ಇತ್ತು! "ಗಾಳಿ ಕಣೆ" ಎಂದು ಅವರು ಸಮಾಧಾನ ಹೇಳಿದರು. "ಜೋಗಿಮಟ್ಟಿ ಗಾಳಿ ಅಂದ್ರೆ ಸುಮ್ನೇನಾ? ಅದುನ್ನ ನಂಬ್ಕಂಡೇ ಗುಡ್ಡದ ಮ್ಯಾಲೆಲ್ಲ ಕರೆಂಟು ತೆಗ್ಯಾ ಫ್ಯಾನ್ ನಿಲ್ಸವ್ರೆ." ಮುಂದಿನ ಸಲ ಹೊಸದುರ್ಗದ ಮದುವೆಗೆ ಕಿಟಕಿ ಮುಚ್ಚಿಸಿ, ಮಫ್ಲರ್ ಸುತ್ತಿಕೊಂಡು ಹೋದೆ. ಅಲ್ಲಿನ ಬೀಗಿತ್ತಿಯೊಬ್ಬಳು "ಹುಷಾರಿಲ್ವೇನಮ್ಮಾ?" ಎಂದು ಕಷಾಯ ಕೊಟ್ಟಳು. ಮಫ್ಲರ್ ತೆಗೆದರೆ ಒಳಗೆ ಪೊದೆ ಹಾಗೇ ಇತ್ತು. ನಾನು ಗಾಳಿಯನ್ನು ಬೈದೆ, ಶಾಂಪೂವನ್ನು ಬೈದೆ, ಹೊಳಲ್ಕೆರೆಯ ನೀರನ್ನೂ ಬೈದೆ.

ಕೊನೆಗೆ ಆ ದಿನ ಬಂತು. ಅವರು ಬೆಳಗ್ಗೆಯೇ ತುರುವನೂರಿಗೆ, ಬೋರ್‌ವೆಲ್ಲಿಗೆ ಒಂದು ಮೋಟರ್ ಇಳಿಸಲು ಹೋಗಿದ್ದರು. "ಮಧ್ಯಾಹ್ನಕ್ಕೆ ಅಂಗ್ಡಿಗೆ ಬರ್ತೀನಿ, ಮೂರರ ಬಸ್ಸಿಗೆ ಹೋಗಾಣ" ಎಂದಿದ್ದರು. ಕಾಯುವ ತಾಳ್ಮೆ ನನಗೆಲ್ಲಿ? ನಾನೇ ಡ್ರೈಯರ್ ಹಚ್ಚಿದೆ. ಉಸಿರೇ ಇಲ್ಲ! ನಮ್ಮ ಬೀದಿಯ ಮಿಕ್ಸಿ ರಿಪೇರಿ ಚಾಚಾರ ಹತ್ತಿರ ಓಡಿದೆ.

ಚಾಚಾ ಡ್ರೈಯರ್ ಬಿಚ್ಚಿ ನೋಡಿದರು, ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು. "ಸ್ವಿಚ್ ವೈರು ಬಿಟ್ಟೈತೆ ಅಮ್ಮಾ, ಅದು ದೊಡ್ಡದಲ್ಲ. ಇದ್ರಾಗೆ ಬಿಸಿ ಮಾಡೋ ಕಾಯಿಲ್ ಎರಡು ಅವೆ. ಒಂದ್ರ ವೈರು ಕಟ್ ಮಾಡಿ, ಟೇಪ್ ಸುತ್ತಿ ಮಡಗವ್ರೆ. ಯಾರೋ ಕೆಲ್ಸ ಬಲ್ಲೋರೇ ಮಾಡಿರಾದು."

ಬಗ್ಗಿ ನೋಡಿದರೆ ಬಿಳಿ ಹತ್ತಿ ಟೇಪು! ಆ ಗಂಟನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ. "ಎರಡೂ ಜೋಡಿಸಿ ಚಾಚಾ" ಎಂದೆ. ಮನೆಗೆ ಬಂದು ಹಚ್ಚಿದರೆ, ಅಬ್ಬಾ, ಏನು ಕಾವು! ಆರು ತಿಂಗಳಲ್ಲಿ ಆಗದ್ದು ಮುಕ್ಕಾಲು ಗಂಟೆಯಲ್ಲಿ ಆಯಿತು. ಕೂದಲು ರೂಲರ್ ಇಟ್ಟು ಎಳೆದ ಹಾಗೆ ನಿಂತಿತು. ಹಾಗೇ ಜಗಳ ಕಾಯಲು ಅಂಗಡಿಗೆ ನಡೆದೆ.

ಆಗಷ್ಟೇ ಬಂದಿದ್ದ ಅವರು ಬಗ್ಗಿ ತಂತಿ ಸುತ್ತುತ್ತಿದ್ದರು. ಬಾಗಿಲಲ್ಲಿ ನೆರಳು ಬಿದ್ದಾಗ ತಲೆಯೆತ್ತಿ, "ಬರ್ರಿ, ಕುಂತ್ಕಳ್ರಿ. ಮೋಟ್ರು ಎಷ್ಟು ಎಚ್.ಪಿ.?" ಎಂದರು.

ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಗಂಡ! "ನಾನು ಕಣ್ರೀ!" ಎಂದೆ.

ಕೈಯಲ್ಲಿದ್ದ ತಂತಿ ಕೆಳಗೆ ಬಿತ್ತು. ಕನ್ನಡಕ ಏರಿಸಿ ನೋಡಿ "ಚೆನ್ನಾಗೈತೆ" ಎಂದರು. ಆ ದನಿ ನನಗೆ ಗೊತ್ತು. ಮೋಟರು ಪೂರ್ತಿ ಸುಟ್ಟಿದೆ ಎಂದು ಗಿರಾಕಿಗಳಿಗೆ ಹೇಳುವಾಗ ಅವರು ಹೀಗೇ ಮೆತ್ತಗೆ ಮಾತಾಡುತ್ತಾರೆ.

"ಯಾಕ್ರೀ ವೈರ್ ಕಟ್ ಮಾಡಿದ್ರಿ?"

"ಮೊದಲ್ನೇ ದಿನ ನಿನ್ ತಲೆಯಾಗೆ ಸುಟ್ಟ ವಾಸ್ನೆ ಬಂತು ಕಣೆ. ದಿನಾ ಆ ವಾಸ್ನೆ ಕುಡ್ಕಂಡೇ ಬದುಕಾನು ನಾನು. ತಂತಿ ಸುಟ್ರೆ ಕಿತ್ತು ಬಿಸಾಕಿ ಹೊಸದು ಸುತ್ತಬೋದು. ನಿನ್ ತಲೆಗೆ ಹೊಸದು ಎಲ್ಲಿಂದ ತರ್ಲಿ?"

"ಮತ್ತೆ ಗಂಟೆಗಟ್ಟಲೆ ನಿಂತು ಯಾಕೆ ಮಾಡ್ತಿದ್ರಿ? ನೆಟ್ಟಗೆ ನಿಲ್ಲಲ್ಲ ಅಂತ ಗೊತ್ತಿದ್ದೂ?"

"ನೀನು ಅಷ್ಟು ಆಸೆಪಟ್ಟಿದ್ದೆ. ಬ್ಯಾಡ ಅನ್ನಾಕೆ ಬಾಯಿ ಬರ್ಲಿಲ್ಲ." ನೆಲ ನೋಡುತ್ತ, "ಫೋಟೋದಾಗೆ ನನ್ ಮುಖ ಕಾಣ್ದಿದ್ರೆ ಏನಾತು ಬಿಡು. ಅವತ್ತು ನಿನ್ ಕೂದ್ಲು ಮುಖಕ್ಕೆ ಬಡಿದಿದ್ದು ಇವತ್ತಿಗೂ ನೆಪ್ಪೈತೆ. ಸೀಗೇಕಾಯಿ ವಾಸ್ನೆ ಬರ್ತಿತ್ತು" ಎಂದರು.

ಬೈಯಲೆಂದು ಬಂದವಳು ಸರಸರನೆ ಹೊರಗೆ ನಡೆದೆ. ಮೋಟರ್ ಪರೀಕ್ಷೆ ಮಾಡಲು ಅಂಗಡಿಯ ಮುಂದೆ ತುಂಬಿಟ್ಟಿದ್ದ ನೀರಿನ ಡ್ರಮ್ಮಿಗೆ ತಲೆ ಅದ್ದಿಬಿಟ್ಟೆ. "ಲೇ ಲೇ, ಆಯಿಲ್ ಐತೆ ಅದ್ರಾಗೆ!" ಎಂದು ಅವರು ಓಡಿಬಂದು ಟವೆಲ್ಲಿನಿಂದ ಒರೆಸತೊಡಗಿದರು. ಒರೆಸಿದ ಹಾಗೆಲ್ಲ ಒಂದೊಂದೇ ಸುರುಳಿ ಎದ್ದು ಬಂತು. "ಈಗ ಬಂದ್ಲು ನೋಡು ನಮ್ಮಾಕೆ" ಎಂದರು.

ಮೂರರ ಬಸ್ಸಿನಲ್ಲಿ ಕಿಟಕಿ ಪೂರ್ತಿ ತೆಗೆದು ಕೂತೆ. ದುರ್ಗದ ಸ್ಟುಡಿಯೋದಲ್ಲಿ ಫೋಟೋದವನು, "ಮೇಡಂ, ಕೂದ್ಲು ಹಿಂದಕ್ಕೆ ಹಾಕ್ಕಳ್ರಿ, ಸಾರ್ ಮುಖ ಮುಚ್ತೈತೆ" ಎಂದ.

"ಇರ್ಲಿ ಬಿಡಪ್ಪ, ಹಂಗೇ ತೆಗಿ" ಎಂದರು ಇವರು, ಇನ್ನಷ್ಟು ಹತ್ತಿರ ಸರಿದು.

ಈಗ ಗೋಡೆಯ ಮೇಲೆ ಎರಡು ಫೋಟೋಗಳಿವೆ. ಹೊಸದರಲ್ಲೂ ಅವರದು ಅರ್ಧ ಮುಖವೇ. ಆ ಅರ್ಧ ಮುಖ ನಗುತ್ತಿದೆ.