ಫೋಟೊ ಹುಚ್ಚಿನವರಿಗೆ ಹಬ್ಬದ ಉಡುಗೊರೆ

ಹಬ್ಬ ಹತ್ತಿರ ಬಂತೆಂದರೆ ಯಾರಾದರೊಬ್ಬರು ನನ್ನ ಸ್ಟುಡಿಯೊ ಮೆಟ್ಟಿಲು ಹತ್ತಿ, "ನಮ್ಮನಿಯಂಗೆ ಒಬ್ರಿಗೆ ಫೋಟೊ ಹುಚ್ಚ್ ಮಾರಾಯ್ರೆ, ಎಂತ ಕೊಟ್ರೆ ಒಳ್ಳೇದ್?" ಎಂದು ಕೇಳದೆ ಇರುವುದಿಲ್ಲ. ತೊಂಬತ್ತೇಳರಲ್ಲಿ ಕುಂದಾಪುರದಲ್ಲಿ ಅಂಗಡಿ ತೆರೆದಾಗಿನಿಂದ ಇದೇ ಕತೆ. ನಾನು ಸಲಹೆ ಕೊಡುತ್ತೇನೆ, ಎಲ್ಲಾದರೂ ಒಂದು ಎಡವಟ್ಟಾಗುತ್ತದೆ, ಮುಂದಿನ ಹಬ್ಬಕ್ಕೆ ಅವರೇ ಮತ್ತೆ ಕೇಳಲು ಬರುತ್ತಾರೆ.

ಮೂವತ್ತಾರು ಪಟ

ಅಂಗಡಿ ತೆರೆದ ವರ್ಷವೇ ಮುಂಬಯಿಯ ಹೋಟೆಲೊಂದರಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರು ಚೌತಿಗೆ ಊರಿಗೆ ಬಂದರು. ಹೆಂಡತಿಗೆ ಫೋಟೊ ಎಂದರೆ ಪ್ರಾಣ ಎಂದು ಒಂದು ಪುಟ್ಟ ಕ್ಯಾಮೆರಾ ತಂದಿದ್ದರು. ನನ್ನಲ್ಲಿ ರೋಲ್ ಹಾಕಿಸಿಕೊಂಡು, "ಕಾಣ್, ಇದ್ರಂಗೆ ಇಪ್ಪುದ್ ಮೂವತ್ತಾರೇ ಪಟ. ದಂಡ ಮಾಡ್ಬೇಡ" ಎಂದು ಹೆಂಡತಿಗೆ ತಾಕೀತು ಮಾಡಿ ಮುಂಬಯಿಗೆ ಹೋದರು.

ಆಕೆ ದಂಡ ಮಾಡಲಿಲ್ಲ. ರೋಲ್ ತೊಳೆಸಲು ನನ್ನ ಬಳಿ ಬಂದದ್ದು ಐದು ವರ್ಷ ಕಳೆದ ಮೇಲೆ! ಬರುವಾಗ ಎರಡು ಮಕ್ಕಳ ಕೈ ಹಿಡಿದುಕೊಂಡಿದ್ದರು. ಬಣ್ಣ ಮಂಕಾಗಿದ್ದರೂ ಪಟಗಳು ಬಂದಿದ್ದವು. ಮೊದಲ ಪಟದಲ್ಲಿ ಗಂಡ ಒಬ್ಬರೇ, ಹೊಸ ಅಂಗಿಯಲ್ಲಿ. ಹತ್ತನೆಯದರಲ್ಲಿ ತೊಟ್ಟಿಲು. ಇಪ್ಪತ್ತನೆಯದರಲ್ಲಿ ಇನ್ನೊಂದು ತೊಟ್ಟಿಲು. ಕೊನೆಯದರಲ್ಲಿ ಮತ್ತೆ ಗಂಡ, ಅದೇ ಅಂಗಿಯಲ್ಲಿ.

ಆಕೆ ಮೊದಲನೆಯದನ್ನೂ ಕೊನೆಯದನ್ನೂ ಪಕ್ಕಪಕ್ಕ ಇಟ್ಟು ತುಂಬಾ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ಅನುಮಾನದಿಂದ ತಿರುಗಿದರು.

"ಹ್ವಾಯ್, ಇಲ್ಲಿ ಇವ್ರ್ ತಲಿ ತುಂಬ ಕೂದ್ಲ್ ಇತ್ತ್. ಇಲ್ಲಿ ಇಲ್ಲೆ. ನೀವ್ ತೊಳುವಾಗ ಹೋಯ್ತಾ?"

ನಗುವ ಸೊಸೆ

ಡಿಜಿಟಲ್ ಕ್ಯಾಮೆರಾ, ಕಂಪ್ಯೂಟರ್ ಎರಡೂ ಬಂದ ಹೊಸತು. ಉಪ್ಪುಂದದ ಮೀನುಗಾರರ ಮನೆಯೊಂದರ ಹಿರಿಸೊಸೆ ಬಂದರು. ಮಾವನಿಗೆ ಗೋಡೆ ತುಂಬ ಫೋಟೊ ತೂಗಿಸುವ ಹುಚ್ಚು. ದೀಪಾವಳಿಗೆ ಇಡೀ ಸಂಸಾರದ ದೊಡ್ಡ ಫೋಟೊವನ್ನು ಕಟ್ಟು ಹಾಕಿಸಿ ಕೊಡಬೇಕಂತೆ. ಸಂಸಾರದ ಫೋಟೊವನ್ನು ನಾನೇ ಹಿಂದಿನ ತಿಂಗಳು ತೆಗೆದಿದ್ದೆ.

"ಒಂದೇ ಒಂದ್ ಕೆಲ್ಸ," ಎಂದರು ಅವರು. "ಕಿರಿ ಸೊಸೆನ್ನ ತೆಗ್ದ್ ಹಾಕಿ."

ಒಣಮೀನು ಹರಡುವ ಜಾಗಕ್ಕೆ ಇಬ್ಬರಿಗೂ ಜಗಳವಾಗಿತ್ತಂತೆ. ನಾನು ಬೇಡವೆಂದೆ. ಕೇಳಲಿಲ್ಲ. ಕೊನೆಗೆ ಕಿರಿಸೊಸೆಯನ್ನು ತೆಗೆದು ಅಲ್ಲೊಂದು ಹೂಕುಂಡ ಕೂರಿಸಿದೆ. ಹೊಸ ಕೈ ನೋಡಿ, ಮೂಲ ಚಿತ್ರದ ಮೇಲೆಯೇ ಸೇವ್ ಮಾಡಿಬಿಟ್ಟೆ; ಮೂಲ ಅಳಿಸಿಹೋಯಿತು.

ಹಬ್ಬಕ್ಕೆ ಎರಡು ದಿನ ಇರುವಾಗ ಹಿರಿಸೊಸೆ ಓಡಿ ಬಂದರು. ಕಣ್ಣು ಕೆಂಪಾಗಿತ್ತು. "ನನ್ ಮಗ್ಳಿಗೆ ಜ್ವರ ಬಂದ್ ಆಸ್ಪತ್ರಿಗ್ ಸೇರ್ಸಿದ್ದೆ. ಮೂರ್ ದಿನ ಪಕ್ಕದಲ್ಲೇ ಕೂತದ್ದ್ ಅವ್ಳೇ ಮಾರಾಯ್ರೆ. ಅವ್ಳನ್ನ ವಾಪಾಸ್ ಹಾಕಿ!"

ಎಲ್ಲಿಂದ ಹಾಕುವುದು? ಮತ್ತೆ ತೆಗೆಯೋಣವೆಂದರೆ ಮನೆಯ ಗಂಡಸರೆಲ್ಲ ಬೋಟಿಗೆ ಹೋಗಿಯಾಗಿತ್ತು. ನನ್ನಲ್ಲಿ ಸಿಕ್ಕಿದ್ದು ಕಿರಿಸೊಸೆಯ ತಮ್ಮನ ಮದುವೆಯ ಒಂದೇ ಪಟ. ಅದರಲ್ಲಿ ಆಕೆ ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದರು. ಅದನ್ನೇ ಕತ್ತರಿಸಿ ಹೂಕುಂಡದ ಜಾಗಕ್ಕೆ ಅಂಟಿಸಿದೆ. ಹನ್ನೊಂದು ಜನ ಸಾವಿನ ಮನೆಯಲ್ಲಿ ನಿಂತಂತೆ ಬಿಗಿದುಕೊಂಡು ನಿಂತಿದ್ದಾರೆ, ನಡುವೆ ಈಕೆ ಒಬ್ಬರು ಬಿದ್ದು ಬಿದ್ದು ನಗುತ್ತಿದ್ದಾರೆ.

ಒಯ್ಯಲು ಇಬ್ಬರೂ ಜೊತೆಗೇ ಬಂದರು. ಕಿರಿಯಾಕೆ ಫೋಟೊವನ್ನು ಬೆಳಕಿಗೆ ಹಿಡಿದು ನೋಡಿ, ಅಕ್ಕನ ಹೆಗಲಿಗೆ ಕೈ ಹಾಕಿ ಹೇಳಿದರು:

"ಅಡ್ಡಿಲ್ಲೆ ಅಕ್ಕ. ಇದನ್ ಕಂಡ್ರೆ ಜಗಳದಂಗೆ ಗೆದ್ದದ್ದ್ ಯಾರಂತ ಊರಿಗೇ ಗೊತ್ತಾತ್ತ್."

ಮೂರು ಕಾಲು

ಗುಲ್ವಾಡಿಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದರು. ಹೊಳೆಯ ಫೋಟೊ ತೆಗೆಯುವುದೆಂದರೆ ಅವರಿಗೆ ಊಟ ಬೇಡ. ಆದರೆ ಕೈ ನಡುಗುತ್ತಿತ್ತು. ಅವರ ಫೋಟೊ ನೋಡಿದರೆ ಗುಲ್ವಾಡಿಯಲ್ಲಿ ದಿನಾ ಭೂಕಂಪ ಆಗುತ್ತದೆಯೋ ಎನಿಸುತ್ತಿತ್ತು. ರಜೆಯಲ್ಲಿ ಬಂದಿದ್ದ ಅವರ ಮಗಳಿಗೆ ನಾನೇ ಹೇಳಿದೆ, "ಒಂದು ಟ್ರೈಪಾಡ್ ಕೊಡಿ." ಕೊಟ್ಟರು.

ನಾಲ್ಕು ತಿಂಗಳ ಮೇಲೆ ನಾಮಕರಣದ ಫೋಟೊಗೆಂದು ಆ ಕಡೆ ಹೋದವನು ಮೇಷ್ಟ್ರ ಮನೆಗೂ ಹೊಕ್ಕೆ. ಅಂಗಳದ ಬದಿಯಲ್ಲಿ ಟ್ರೈಪಾಡ್ ನಿಂತಿತ್ತು. ಅದರ ಮೈತುಂಬ ಹೀರೆಬಳ್ಳಿ.

"ಮೇಷ್ಟ್ರೇ, ಇದೆಂತ?"

"ಎಂಥಾ ಚಂದದ ವಸ್ತು ಮಾರಾಯ! ಬಳ್ಳಿ ಒಂದ್ ಗೇಣ್ ಎದ್ರೆ, ಇದ್ನೂ ಒಂದ್ ಗೇಣ್ ಎತ್ತುಕಾತ್ತ್," ಎಂದು ಹಿಡಿಕೆ ತಿರುಗಿಸಿ ತೋರಿಸಿದರು. ಬರುವಾಗ ಒಂದು ಚೀಲ ಹೀರೆಕಾಯಿ ಕೊಟ್ಟರು.

ಸಂಜೆ ಮಗಳ ಫೋನು. "ಅಪ್ಪಯ್ಯ ಟ್ರೈಪಾಡ್ ಬಳಸ್ತಿದ್ದಾರಾ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ನಿಜ ಹೇಳಲು ಧೈರ್ಯ ಸಾಲಲಿಲ್ಲ. "ದಿನಾ ಬಳಸ್ತಾರೆ. ಮಡಚಿ ಒಳಗಿಟ್ಟದ್ದೇ ಇಲ್ಲ. ಒಳ್ಳೆ ಫಲ ಬಂದಿದೆ. ನನಗೂ ಎರಡು ಕೆ.ಜಿ. ಕೊಟ್ಟರು," ಎಂದೆ.

ಮಗಳು ಮೆಲ್ಲನೆ ಕೇಳಿದರು, "ಎರಡು ಕೆ.ಜಿ. ಫೋಟೊವಾ?"

ಕಪ್ಪು ಮಗ್ಗು

ಬಿಸಿ ಚಾ, ಕಾಫಿ ಹೊಯ್ದರೆ ಫೋಟೊ ಮೂಡುವ ಕಪ್ಪು ಮಗ್ಗು ಬಂದ ಕಾಲ. ತಣ್ಣಗಿದ್ದಾಗ ಬರೀ ಕಪ್ಪು, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಆ ದೀಪಾವಳಿಗೆ ನನಗೆ ಎರಡು ಮಗ್ಗಿನ ಕೆಲಸ ಬಂತು.

ಒಂದು, ಸಾಸ್ತಾನದ ಕಡೆಯ ಅರ್ಚಕರ ಮನೆಗೆ ಹೊಸ ಅಳಿಯ ಒಯ್ಯುವುದು. ಮಾವಯ್ಯನಿಗೆ ಹಕ್ಕಿ ಫೋಟೊ ತೆಗೆಯುವ ಹುಚ್ಚು. ಹಾಗಾಗಿ ಅವರು ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ನಿಂತ ಪಟ. ಇನ್ನೊಂದು, ಬೈಂದೂರಿನ ಮೀನು ವ್ಯಾಪಾರಿಗೆ ಅವರ ತಮ್ಮ ಕೊಡುವುದು. ಅಣ್ಣ ದೊಡ್ಡ ಮೀನು ಕಂಡರೆ ಮಾರುವುದಕ್ಕೆ ಮೊದಲು ಮೊಬೈಲಿನಲ್ಲಿ ಫೋಟೊ ಹೊಡೆಯುವವರು. ಅವರೇ ತೆಗೆದ, ಮೊಳ ಉದ್ದದ ಅಂಜಲ್ ಮೀನಿನ ಪಟ.

ಎರಡನ್ನೂ ಕಟ್ಟಿದವನು ನಾನೇ.

ಹಬ್ಬದ ಬೆಳಿಗ್ಗೆ ಅಳಿಯನ ಫೋನು ಬಂತು.

"ಎಂತ ಮಾಡಿದ್ರಿ ಮಾರಾಯ್ರೆ! ಅತ್ತೆ, ಅಜ್ಜಿ, ಪಕ್ಕದ ಮನಿಯವ್ರನ್ನೆಲ್ಲ ಕರ್ದ್ ಕೂರ್ಸಿ, ಈಗ ಯಾರ್ ಬತ್ರ್ ಕಾಣಿ ಅಂದೆ. ಮಾವಯ್ಯನೇ ಕಾಪಿ ಹೊಯ್ದ್ರ್. ಮೊದ್ಲ್ ಬಾಲ ಬಂತ್!"

"ಆಮೇಲೆ?"

"ಇವ್ರಿಗೆ ಬಾಲ ಯಾವತ್ತಿಂದ ಅಂತ ಅಜ್ಜಿ ಕೇಂಡ್ರ್. ಅಷ್ಟೊತ್ತಿಗೆ ಇಡೀ ಅಂಜಲ್ ಬಂತಲ್ಲ! ಅತ್ತೆ ಮೂಗಿಗೆ ಸೆರಗ್ ಮುಚ್ಕಂಡ್ ಒಳಗ್ ಹೋದ್ರ್. ಮಾವಯ್ಯ ಕಣ್ಣ್ ಮುಚ್ಚಿ ಕೂತವ್ರ್ ಇನ್ನೂ ಬಿಡ್ಲಿಲ್ಲೆ. ಮೊದ್ಲನೇ ದೀಪಾವಳಿ ಮಾರಾಯ್ರೆ, ನನ್ ಮರ್ಯಾದಿ!"

ಸ್ಕೂಟರ್ ಹತ್ತಿ ನೇರ ಸಾಸ್ತಾನಕ್ಕೆ ಹೋದೆ. ಜಗಲಿಯಲ್ಲಿ ಅರ್ಚಕರು, ಎದುರಿಗೆ ಮಗ್ಗು. ಅಳಿಯ ಕಂಬದ ಹಿಂದೆ. ನಾನು ಕೈ ಮುಗಿದು ತಪ್ಪೊಪ್ಪಿಕೊಂಡೆ. ಅವರು ಮೆಲ್ಲನೆ ಕಣ್ಣು ಬಿಟ್ಟರು.

"ಅಡ್ಡಿಲ್ಲೆ," ಎಂದರು. "ದಶಾವತಾರದಂಗೆ ಮೊದ್ಲನೇದೇ ಬಂದದ್ದ್ ಅಲ್ದಾ? ಆದ್ರೆ ನಾನ್ ಎಲ್ಲಿಗ್ ಹೋದೆ?"

ಅಳಿಯನಿಗೆ ಜೀವ ಬಂತು. ನಾನು ಅಂಜಲ್ ಮಗ್ಗನ್ನು ಚೀಲಕ್ಕೆ ಹಾಕಿಕೊಂಡು ಬೈಂದೂರಿಗೆ ಓಡಿದೆ. ವ್ಯಾಪಾರಿ ಜಗಲಿಯಲ್ಲಿ ಚಾ ಕುಡಿಯುತ್ತಿದ್ದರು. ಅವರ ಕೈಯಲ್ಲಿದ್ದ ಮಗ್ಗಿನಿಂದ ಅರ್ಚಕರು ಕ್ಯಾಮೆರಾ ಸಮೇತ ನನ್ನನ್ನೇ ನೋಡುತ್ತಿದ್ದರು.

"ತಪ್ಪಾಗಿದೆ. ಆ ಮಗ್ಗು ಕೊಟ್ಟು ಇದನ್ನು ತಗೊಳ್ಳಿ," ಎಂದೆ.

ಅವರು ಮಗ್ಗನ್ನು ಎದೆಗೆ ಒತ್ತಿಕೊಂಡರು. "ಕೊಡುದಿಲ್ಲೆ! ಬೆಳಿಗ್ಗೆ ಇವ್ರ್ ಮುಖ ಕಂಡ್ ಹೋದದ್ದ್, ಒಂದೇ ಗಳಿಗಿಯಂಗೆ ಮೀನೆಲ್ಲ ಖಾಲಿ. ತಿಂಡಿ ತಿಂಬಾಗ ಮಾತ್ರ ಎದುರ್ ಮೀನ್ ಇತ್ತಲ್ದಾ, ನಾಚ್ಕಿ ಆಯಿ ಇವ್ರನ್ನ ಗೋಡಿ ಬದಿಗ್ ತಿರ್ಗ್ಸಿ ಇಟ್ಟೆ."

"ಅಲ್ಲಿ ಅವರು ಕಾಯ್ತಿದ್ದಾರೆ ಮಾರಾಯ್ರೆ!"

ಅವರು ಒಂದು ಗುಟುಕು ಚಾ ಕುಡಿದು ಯೋಚಿಸಿದರು. ಆಮೇಲೆ ದೊಡ್ಡ ಮನಸ್ಸು ಮಾಡಿ ಹೇಳಿದರು:

"ಹಂಗಾರೆ ಒಂದ್ ಕೆಲ್ಸ ಮಾಡಿ. ಭಟ್ರ್ ನಮ್ಗಿರ್ಲಿ, ಅಂಜಲ್ ಭಟ್ರೇ ಇಟ್ಕಣ್ಲಿ. ನಾವ್ ಯಾರಿಗೂ ಹೇಳುದಿಲ್ಲೆ."