ಮೂರು ಲೆನ್ಸು, ಒಂದು ಚಾ

ಒಂದೇ ಲೆನ್ಸು ಇದ್ದಿದ್ದರೆ ಗುತ್ತೆಪ್ಪನಿಗೆ ಆ ದಿನ ಯಾವ ತ್ರಾಸೂ ಇರುತ್ತಿರಲಿಲ್ಲ. ಹಸನಸಾಬರು ಪ್ರೀತಿ ಹೆಚ್ಚಾಗಿ ಮೂರನ್ನೂ ಕೊಟ್ಟುಬಿಟ್ಟರು.

ಹಸನಸಾಬರದು ಸವಣೂರಿನ ಎಲೆಪೇಟೆಯ ಬಾಯಿಗೆ ಸಣ್ಣ ಸ್ಟುಡಿಯೋ. ಗುತ್ತೆಪ್ಪ ಅಲ್ಲಿ ಫಿಲ್ಮು ತೊಳೆಯುವವನು. ಕಪಾಟಿನಲ್ಲಿ ರಶಿಯಾದ ಒಂದು ಹಳೆಯ ಕ್ಯಾಮರಾ ಇತ್ತು. ಅದರ ಚಂದ ಏನು ಹೇಳುವುದು! ಕರೀ ಬಟ್ಟೆ ಹೊದ್ದು ಒಳಗೆ ಹೊಗುವ ಸೋಗಿಲ್ಲ. ಅಂಗೈಯಗಲ ಮೈ, ಗುಂಡಿ ಒತ್ತಿದರೆ ಹಲ್ಲಿ ಲೊಚಗುಟ್ಟಿದಷ್ಟೇ ಸದ್ದು. ಮೇಲಿನ ಕಿಂಡಿಗೆ ಕಣ್ಣಿಟ್ಟರೆ ಎದುರಿನ ಮನುಷ್ಯ ಇಬ್ಬರಾಗಿ ಕಾಣುತ್ತಾನೆ. ಲೆನ್ಸಿನ ಬಳೆ ತಿರುವುತ್ತ ಹೋದಂತೆ ಇಬ್ಬರೂ ಸರಿದು ಸರಿದು ಒಬ್ಬನಾಗುತ್ತಾರೆ. ಆಗ ಒತ್ತಬೇಕು.

"ನೋಡ್ರಿ ಸಾಬರ, ಎರಡಿದ್ದದ್ದನ್ನ ಒಂದು ಮಾಡಾಕ ಈ ಮಶೀನಿಗೆ ಒಂದ ಗಳಿಗಿ ಸಾಕು. ನಮ್ಮ ಮಂದಿಗೆ ಸಾವಿರ ವರ್ಷ ಆದ್ರೂ ಆಗವಲ್ದು," ಅನ್ನುತ್ತಿದ್ದ ಗುತ್ತೆಪ್ಪ.

ಈ ಮಾತಿಗೆ ಕಾರಣ ಮೈಲಾರಪ್ಪನ ಚಾದಂಗಡಿ. ಅದು ಶಿಗ್ಗಾವಿ ದಾರಿಯ ಒಂದು ಕ್ರಾಸಿನಲ್ಲಿತ್ತು. ಒಳಗೆ ಕುಂದ್ರಲು ಬಾಕು, ಕುಡಿಯಲು ಗಾಜಿನ ಗ್ಲಾಸು. ಹೊರಗೆ ಒಂದು ಕಲ್ಲು, ಕಿಟಕಿಗೆ ಅಂಟಿದ ಗೂಡಿನಲ್ಲಿ ಸೊಟ್ಟ ಬಿದ್ದ ಅಲ್ಯುಮಿನಿಯಂ ಬಟ್ಟಲುಗಳು. ಒಳಗಿನದು ಯಾರಿಗೆ, ಹೊರಗಿನದು ಯಾರಿಗೆ ಅಂತ ಬೋರ್ಡು ಬರೆಸಿರಲಿಲ್ಲ; ಈ ದೇಶದಲ್ಲಿ ಅದಕ್ಕೆ ಬೋರ್ಡು ಬೇಕಾಗುವುದಿಲ್ಲ. ಹೊರಗಿನವರು ಬಟ್ಟಲು ತಾವೇ ತಕ್ಕೊಳ್ಳಬೇಕು, ಮೇಲಿನಿಂದ ಸುರಿದ ಚಾ ಹಿಡಿಯಬೇಕು, ಕುಡಿದು ತಾವೇ ತೊಳೆದಿಡಬೇಕು. ಸವಣೂರಿನ ಓದುಗರ ಬಳಗದವರು ತಾಲೂಕಿನ ಸಾಹೇಬರಿಗೆ ಅರ್ಜಿ ಕೊಟ್ಟಿದ್ದರು. ಆದರೆ ಸಾಹೇಬರ ಜೀಪಿನ ಧೂಳು ಎದ್ದ ಕೂಡಲೇ ಬಟ್ಟಲುಗಳು ಹಿಟ್ಟಿನ ಡಬ್ಬಿಯೊಳಗೆ ಮುಳುಗುತ್ತಿದ್ದವು. ಕೊನೆಗೆ ಸಾಹೇಬರು ಹೇಳಿಕಳಿಸಿದ್ದರು: ಇಂದು ಸಂಜೆ ಕ್ರಾಸಿನ ಶಾಲೆಗೆ ಬರುತ್ತೇನೆ, ಪುರಾವೆ ಇದ್ದರೆ ತೋರಿಸಿ, ಇಲ್ಲವಾದರೆ ಅರ್ಜಿ ಮುಚ್ಚಿದೆ.

ಪುರಾವೆ ತರುವ ಕೆಲಸ ಗುತ್ತೆಪ್ಪನ ಕೊರಳಿಗೆ ಬಿತ್ತು.

ಮುಂಜಾನೆ ಸ್ಟುಡಿಯೋದಲ್ಲಿ ಲೆನ್ಸುಗಳ ಪಂಚಾಯಿತಿ ಕೂಡಿತು. ಕೊಳವೆಯಂಥ ಉದ್ದನ್ನದು ದೂರದ್ದನ್ನು ಎಳೆದು ತರುತ್ತಿತ್ತು. ನಡುವಿನದು ಕಣ್ಣು ಕಂಡಷ್ಟನ್ನೇ ಕೊಡುತ್ತಿತ್ತು. ಗಿಡ್ಡಂದು ಮಾತ್ರ ಅಕ್ಕಪಕ್ಕದ್ದನ್ನೆಲ್ಲ ಬಾಚಿ ತಬ್ಬುತ್ತಿತ್ತು, ಬೀಗರೂಟಕ್ಕೆ ಹೊಂಟ ದೊಡ್ಡವ್ವನ ಹಾಗೆ.

"ಗಿಡ್ಡಂದ ತಗೊ," ಅಂದರು ಹಸನಸಾಬರು. "ಬೀದ್ಯಾಗ ಬದುಕು ಒಂದ ಕಡೆ ನಿಂದ್ರೂದಿಲ್ಲಪ. ಹತ್ರ ಹೋಗಬೇಕು, ಮಂದ್ಯಾಗ ಮಂದಿ ಆಗಬೇಕು."

"ಛೇ ಛೇ!" ಅಂದರು ಬಳಗದ ಅಧ್ಯಕ್ಷ ವಕೀಲ ಚೌಡಪ್ಪನವರು. ಹೆಗಲಿಗೆ ಜೋಳಿಗೆ, ಎದೆತನಕ ಗಡ್ಡ. ಮಾತಿಗೆ ನಿಂತರೆ ಮೈಕು ಬೆವರಬೇಕು. ಬಟ್ಟಲು ಇಳಿಯುವ ತನಕ ಬಳಗದವರು ಯಾರೂ ಆ ಅಂಗಡಿಯ ಚಾ ಮುಟ್ಟಬಾರದು ಅಂತ ಠರಾವು ಮಾಡಿಸಿದವರು ಅವರೇ. ಅವರ ಭಾಷಣ ಕೇಳಿದ ರಾತ್ರಿ ಗುತ್ತೆಪ್ಪನಿಗೆ ನಿದ್ದೆ ಹತ್ತುತ್ತಿರಲಿಲ್ಲ. "ಉದ್ದಂದ ಹಾಕು. ದೂರ ನಿಂತು ಹೊಡಿ. ಬಟ್ಲ ಅಷ್ಟ ಬರ್ಲಿ, ಅಕ್ಕಪಕ್ಕದ್ದು ನಮಗ್ಯಾಕ? ಮತ್ತ ಹನ್ನೊಂದರೊಳಗ ಮುಗಿಸಿಬಿಡು. ಆಮ್ಯಾಲ ಬೆಳಕು ಕೆಡತೈತಿ."

ಕ್ಯಾಮರಾ ಮುಟ್ಟದಿದ್ದರೂ ಬೆಳಕಿನ ಬಗ್ಗೆ ಎಷ್ಟು ತಿಳಿದುಕೊಂಡಾರಲ್ಲ ಅಂತ ಗುತ್ತೆಪ್ಪ ಬೆರಗಾದ. ಮೂರನ್ನೂ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ.

ಕ್ರಾಸಿನಲ್ಲಿ ಅಂಗಡಿಯ ಎದುರಿಗೆ ಬೇವಿನ ಮರ. ಅದರ ಬೊಡ್ಡೆಗೆ ಆತು ನಿಂತು ಗುತ್ತೆಪ್ಪ ಉದ್ದನ್ನ ಲೆನ್ಸು ತಿರುವಿದ. ಕಿಂಡಿಯಲ್ಲಿ ಎರಡು ಗೂಡು ಕಂಡವು. ಇನ್ನೇನು ಒಂದಾಗಬೇಕು, ಕಿವಿಯ ಹತ್ತಿರ ಬೀಡಿಯ ವಾಸನೆ ಬಂತು.

"ಏನ್ರೀ ಇದು? ತುಪಾಕಿನ?"

ಹಿಂದೆ ನೋಡಿದರೆ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಬಂದು ಕೂಡಿದ್ದರು. ಒಬ್ಬನು ಗದ್ದವನ್ನು ಗುತ್ತೆಪ್ಪನ ಹೆಗಲ ಮೇಲಿಟ್ಟು ತಾನೂ ಗುರಿ ನೋಡಿದ. ಇನ್ನೊಬ್ಬನು ರಸ್ತೆಯಾಚೆಗೆ ಕೂಗಿಯೇಬಿಟ್ಟ: "ಏ ಮೈಲಾರಪ್ಪಾ! ನಿನ್ನ ಹೊಡ್ಯಾಕತ್ತಾನೋ!"

ಮೈಲಾರಪ್ಪ ಒಲೆಯ ಹಿಂದೆ ಧೊಪ್ಪನೆ ಕುಂತ. ಭಜಿಯ ಬುಟ್ಟಿ ಮಗುಚಿತು. ನಾಯಿಗಳಿಗೆ ಹಬ್ಬವಾಯಿತು.

ಅದು ತುಪಾಕಿ ಅಲ್ಲ, ಫೋಟೋ ಅಂತ ತಿಳಿದದ್ದೇ ತಡ, ಮೈಲಾರಪ್ಪನ ಮುಖ ಉಬ್ಬಿದ ಪೂರಿಯಂತಾಯಿತು. "ಫೋಟೋದವ್ರ, ಬರ್ರಿ, ಬರ್ರಿ! ಮರದ ಮರಿಗೆ ಯಾಕ ನಿಂತ್ರಿ? ನಮ್ಮ ಅಂಗಡೀದು ಒಂದು ಹೊಡೀರಿ!" ಎನ್ನುತ್ತ ಕೈಹಿಡಿದು ಎಳೆದುಕೊಂಡು ಬಂದ.

ಇಷ್ಟು ಹತ್ತಿರಕ್ಕೆ ಉದ್ದಂದು ನಡೆಯದು. ಗುತ್ತೆಪ್ಪ ನಡುವಿನದನ್ನು ಹಾಕಿದ. ಅಷ್ಟರಲ್ಲಿ ಇಡೀ ಕ್ರಾಸು ಅಂಗಡಿಯ ಮುಂದೆ ಸಾಲುಗಟ್ಟಿತ್ತು. ಚಾ ಹೀರುತ್ತಿದ್ದವರು ಗ್ಲಾಸು ಕೆಳಗಿಟ್ಟು ಪರೇಡಿನ ಪೊಲೀಸರಂತೆ ಎದೆ ಉಬ್ಬಿಸಿದರು. ಒಬ್ಬನು ಉಸಿರು ಹಿಡಿದು ಹಿಡಿದು ಕಣ್ಣಲ್ಲಿ ನೀರು ತಂದುಕೊಂಡ.

"ನಗಬ್ಯಾಡ್ರಲೇ, ಫೋಟೋ ಕೆಡತೈತಿ!" ಅಂತ ಗದರಿದ ಮೈಲಾರಪ್ಪ, ತಲೆಗೆ ಎಣ್ಣೆ ಒತ್ತಿ, ಟೊಪ್ಪಿಗೆ ಇಟ್ಟು ನಡುವೆ ನಿಂತ. ನಿಂತವನು ಏನೋ ನೆನಪಾಗಿ ಓಡಿಹೋಗಿ ಗೂಡಿನ ಮುಂದೆ ಒಂದು ಟವೆಲು ಇಳಿಬಿಟ್ಟು ಬಂದ. "ಹೂಂ, ಈಗ ಹೊಡೀರಿ."

ಗುತ್ತೆಪ್ಪ ಹೊಡೆದ. ಟೊಪ್ಪಿಗೆ ಬಂತು, ಟವೆಲು ಬಂತು. ಬಟ್ಟಲು ಬರಲಿಲ್ಲ.

ಬಿಸಿಲು ನೆತ್ತಿಗೇರಿತ್ತು. ಹನ್ನೊಂದು ಯಾವಾಗಲೋ ದಾಟಿತ್ತು. ಮಂದಿ ಚದುರಿತು. ಮೈಲಾರಪ್ಪ ಟವೆಲು ತೆಗೆದು ಕೊರಳಿಗೆ ಹಾಕಿಕೊಂಡು ಗುತ್ತೆಪ್ಪನ ಬೆನ್ನು ಚಪ್ಪರಿಸಿದ. "ಭಾಳ ದಣದ್ರಿ. ಒಳಗ ಬರ್ರಿ, ಇಷ್ಟ ಚಾ ಕುಡೀರಿ. ಯಾವೂರ್ರೀ ನಿಮ್ಮದು?"

"ಸವಣೂರ್ರೀ."

"ಸವಣೂರಾಗ ಯಾರ ಪೈಕಿ ಆತ್ರಿ?"

"ಊರ ಹೊರಗಿನ ಓಣಿಯವ್ರ್ರೀ. ಬುದ್ಧಗ ಕೈಮುಗಿಯೋರು."

ಬೆನ್ನ ಮೇಲಿದ್ದ ಕೈ ಒಲೆಗೆ ತಾಗಿದಂತೆ ಹಿಂದೆ ಹೋಯಿತು. "ಹಂಗೇನು," ಅಂದ ಮೈಲಾರಪ್ಪ. "ಅಲ್ಲಿ ಕಲ್ಲ ಐತಿ ನೋಡು, ಕುಂದ್ರು. ಬಟ್ಲ ತಗೊ."

ಇಷ್ಟೇ ಆಗಿದ್ದು. ಆ ಒಂದು ಪ್ರಶ್ನೆಗೆ ಉತ್ತರ ಸಿಕ್ಕ ಮರುಗಳಿಗೆ ಗುತ್ತೆಪ್ಪನೂ ಅವನ ಕ್ಯಾಮರಾವೂ ಯಾರ ಕಣ್ಣಿಗೂ ಕಾಣದಂತಾದರು. ಈವರೆಗೆ ಹೆಗಲ ಮೇಲೆ ಗದ್ದ ಇಟ್ಟವರು ಈಗ ಅವನನ್ನು ದಾಟಿ ರಸ್ತೆ ನೋಡತೊಡಗಿದರು. ಒಳಗಿನವರು ಹೊರಗೆ ಕುಂತವನನ್ನು ನೋಡುವುದಿಲ್ಲ. ನೋಡದೆ ಬದುಕುವುದನ್ನು ಅವರಿಗೆ ತೊಟ್ಟಿಲಲ್ಲೇ ಕಲಿಸಿರುತ್ತಾರೆ. ಗುತ್ತೆಪ್ಪನಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಬುದ್ಧಿ ಬಂತು. ಬಟ್ಟಲು ಹಿಡಿಯುವ ನೆವದಲ್ಲಿ ಬಾಗಿ ಗಿಡ್ಡ ಲೆನ್ಸು ಹಾಕಿದ, ದೂರವನ್ನು ಕಣ್ಣಳತೆಯಲ್ಲಿ ಗುರುತಿಸಿ ಬಳೆ ತಿರುವಿದ, ಕ್ಯಾಮರಾವನ್ನು ತೊಡೆಯ ಮೇಲೆ ಇಟ್ಟುಕೊಂಡ. ಕಿಂಡಿಗೆ ಕಣ್ಣು ಹಚ್ಚಲಿಲ್ಲ. ತಲೆಯನ್ನೂ ಎತ್ತಲಿಲ್ಲ. ಒಳಗೆ ಯಾರು ಕುಂತಾರೆ ಅಂತ ನೋಡುವ ರೂಢಿ ಹೊರಗಿನವರಿಗಾದರೂ ಎಲ್ಲಿಂದ ಬರಬೇಕು?

ಮೈಲಾರಪ್ಪ ಮೊಳದೆತ್ತರದಿಂದ ಚಾ ಸುರಿದ. ತೊಡೆಯ ಮೇಲೆ ಹಲ್ಲಿ ಲೊಚಗುಟ್ಟಿತು.

ಬಳಗದ ಠರಾವು ನೆನೆದು ಗುತ್ತೆಪ್ಪ ಒಂದು ಗುಟುಕನ್ನೂ ಕುಡಿಯದೆ ಚಾವನ್ನು ಬೇವಿನ ಬೇರಿಗೆ ಹೊಯ್ದು, ಸಿಕ್ಕ ಬಸ್ಸಿಗೆ ಸವಣೂರು ಸೇರಿದ.

ಸ್ಟುಡಿಯೋದ ಕತ್ತಲೆಕೋಣೆಯಲ್ಲಿ ಕೆಂಪು ದೀಪದ ಕೆಳಗೆ ಮೂವರು ಬಾಗಿ ನಿಂತಿದ್ದರು. ಗುತ್ತೆಪ್ಪ, ಹಸನಸಾಬರು, ರೊಟ್ಟಿ ಗಂಟು ತಂದಿದ್ದ ಗುತ್ತೆಪ್ಪನ ಹೆಂಡತಿ ಮಂಜವ್ವ. ಮದ್ದಿನ ನೀರಿನೊಳಗೆ ಬಿಳಿ ಹಾಳೆಯ ಮೇಲೆ ಮೊದಲು ಮೈಲಾರಪ್ಪನ ಕೈ ಮೂಡಿತು, ಆಮೇಲೆ ಚಾದ ಧಾರೆ, ಗುತ್ತೆಪ್ಪನ ಕೈಯ ಬಟ್ಟಲು, ಗೂಡು, ಗೂಡಿನೊಳಗಿನ ಉಳಿದ ಬಟ್ಟಲುಗಳು. ಎಲ್ಲ ಎಂಥ ಚಂದ, ಎಂಥ ನಿಚ್ಚಳ! ಚಾದ ಹನಿಗಳನ್ನು ಆರಿಸಿ ತೆಗೆಯಬಹುದಿತ್ತು.

"ವಾಹ್, ಬೇಟಾ!" ಅಂದರು ಹಸನಸಾಬರು. "ನಲವತ್ತು ವರ್ಷ ನಾ ಮಂದೀನ್ನ ಕುರ್ಚಿಮ್ಯಾಲ ಕುಂದ್ರಿಸಿ ಫೋಟೋ ತಗದೆ. ನೀ ಕಲ್ಲಮ್ಯಾಲ ಕುಂತು ತಗದಿ ನೋಡು."

ಆಗ ಹಾಳೆಯ ಮೇಲೆ, ಅಂಗಡಿಯ ಕಿಟಕಿಯೊಳಗೆ ಒಂದು ಗಡ್ಡ ಮೂಡಿತು. ಗಡ್ಡದ ಮೇಲೆ ಗಾಜಿನ ಗ್ಲಾಸು. ಗ್ಲಾಸಿನ ಮೇಲೆ, ಸುಖಕ್ಕೆ ಅರ್ಧ ಮುಚ್ಚಿದ ಎರಡು ಕಣ್ಣು.

"ಅಯ್ಯ! ಇವ್ರು ನಿಮ್ಮ ಚೌಡಪ್ಪನವ್ರಲ್ಲ?" ಅಂದಳು ಮಂಜವ್ವ. "ಹನ್ನೊಂದಕ್ಕ ಬೆಳಕು ಕೆಡತೈತಿ ಅಂದಿದ್ರಂತಲ್ಲ, ಖರೇನ ಕೆಟ್ಟೈತಿ ಬಿಡು."

ಹಸನಸಾಬರು ಕತ್ತರಿ ಹಿಡಿದು ಹಾಳೆಯ ಸುತ್ತ ಕೈಯಾಡಿಸಿದರು. ಗೂಡು ಕಿಟಕಿಗೆ ಅಂಟಿತ್ತು. ಬಟ್ಟಲುಗಳು ಚೌಡಪ್ಪನವರ ಕಿವಿಗೆ ಜುಮುಕಿಯಂತೆ ತೂಗುತ್ತಿದ್ದವು. ಅವರನ್ನು ಕತ್ತರಿಸಿದರೆ ಪುರಾವೆಯೂ ಹೋಗುತ್ತಿತ್ತು.

"ಇದ್ದದ್ದ ಇದ್ದಂಗ ಹಚ್ಚು," ಅಂದಳು ಮಂಜವ್ವ. "ಲೆನ್ಸಿಗೆ ಇಲ್ಲದ ಮುಲಾಜು ನಿನಗ್ಯಾಕ?"

ಸಂಜೆ ಶಾಲೆಯ ಗೋಡೆಯ ಮೇಲೆ ಹಸಿ ಆರದ ಫೋಟೋ ಏರಿತು. ಸಾಹೇಬರು ಕನ್ನಡಕ ಏರಿಸಿ ನೋಡಿದರು. ಮಂದಿ ಮುಗಿಬಿದ್ದು ನೋಡಿತು. ಬಟ್ಟಲು ನೋಡಿದ ಕಣ್ಣು ಒಂದಿಷ್ಟು ಸರಿದು ಕಿಟಕಿಗೆ ಹೋಗಿ ನಿಂತಿತು. ಗುತ್ತೆಪ್ಪ ಫೋಟೋದಿಂದ ಕಣ್ಣು ತೆಗೆದು ನೆಲ ನೋಡಿದ. ತನಗೆ ಪುಸ್ತಕ ಹಿಡಿಸಿದ ಮನುಷ್ಯ ಅವರು.

ಚೌಡಪ್ಪನವರು ಫೋಟೋದ ಮುಂದೆ ಬಂದು ನಿಂತರು. ಗಡ್ಡ ನೀವಿದರು. ತಿರುಗಿ ಗರ್ಜಿಸಿದರು:

"ಹೌದು, ನಾನ! ವೈರಿಯ ಕ್ವಾಟಿಯೊಳಗ ಹೊಕ್ಕು ಕುಂತಿದ್ದೆ! ದಿನಾ ಆ ವಿಷದಂಥ ಚಾ ಕುಡದು, ಒಳಗಿನ ಗುಟ್ಟೆಲ್ಲಾ ತಿಳಕೊಂಡೆ! ಯಾರಿಗಾಗಿ? ನಿಮಗಾಗಿ!"

ಚಪ್ಪಾಳೆ ಬಿತ್ತು. ಫೋಟೋಕ್ಕೆ ಅಂತ ಹಸನಸಾಬರು ಸವಣೂರಿನಿಂದ ತಂದಿದ್ದ ಮಾಲೆ ಚೌಡಪ್ಪನವರ ಕೊರಳಿಗೆ ಹೋಯಿತು. ಸಾಹೇಬರು ಕೈಕುಲುಕಿದರು. ಕ್ಯಾಮರಾ ಹಿಡಿದವನು ಯಾರು ಅಂತ ಕೇಳುವುದು ಯಾರಿಗೂ ಹೊಳೆಯಲಿಲ್ಲ. ಆದರೆ ಒಂದು ಮಾತ್ರ ಆಯಿತು: ಸಾಹೇಬರು ನೆಟ್ಟಗೆ ಅಂಗಡಿಗೆ ನಡೆದು ತಮ್ಮ ಕಣ್ಣೆದುರಿಗೇ ಬಟ್ಟಲುಗಳನ್ನು ಇಳಿಸಿ ಜೀಪಿಗೆ ಹಾಕಿಸಿದರು. ಇನ್ನೊಮ್ಮೆ ಕಂಡರೆ ನಿನ್ನನ್ನೂ ಜೀಪಿಗೆ ಹಾಕಿಸುತ್ತೇನೆ ಅಂತ ಮೈಲಾರಪ್ಪನಿಗೆ ಹೇಳಿ ಹೋದರು.

ಧೂಳು ಇಳಿಯಿತು. ಗುತ್ತೆಪ್ಪ ಹೊಸ್ತಿಲು ದಾಟಿ ಒಳಗೆ ಹೋದ. ಕಿಟಕಿಯ ಬಾಕಿನ ಮೇಲೆ ಕುಂತ. ಮೈಲಾರಪ್ಪ ಗಾಜಿನ ಗ್ಲಾಸು ತಂದಿಟ್ಟ. ಗುತ್ತೆಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದ. ಬಿಸಿ ಅಂಗೈಗೆ ಇಳಿಯಿತು. ಗ್ಲಾಸಿನ ಆಚೆ ಬೇವಿನ ಮರ, ರಸ್ತೆ, ಹೊಸ್ತಿಲ ಹೊರಗೆ ನಿಂತು ಕಣ್ಣರಳಿಸಿ ನೋಡುತ್ತಿದ್ದ ಮಂಜವ್ವ, ಎಲ್ಲ ಚಾದ ಹಬೆಯಲ್ಲಿ ತೇಲುತ್ತಿದ್ದವು. ತುಟಿಯ ತನಕ ಒಯ್ದ.

"ನಿಂದ್ರರೀ ಅಲ್ಲೇ!"

ಕೂಗಿದ್ದು ಮೈಲಾರಪ್ಪ. ಮಾಲೆ ಹಾಕಿಕೊಂಡೇ ಬಂದ ಚೌಡಪ್ಪನವರಿಗೆ ಬಾಗಿಲಲ್ಲಿ ಅಡ್ಡ ನಿಂತಿದ್ದ. "ಗಿರಾಕಿ ಅಂತ ಕುಂದ್ರಿಸಿದ್ರ ಗುಟ್ಟ ಕದೀತೀರೇನ್ರಿ? ನನ್ನ ಚಾ ವಿಷ ಏನ್ರಿ? ಯಾರನ್ನರ ಒಳಗ ಬಿಟ್ಟೇನು, ನಿಮ್ಮನ್ನ ಬಿಡಾಂವಲ್ಲ. ಬೇಕಾದ್ರ ಅಲ್ಲಿ ಕಲ್ಲ ಐತಿ, ಕುಂದ್ರಿ!"

ಚೌಡಪ್ಪನವರು ಕಲ್ಲಿನ ಮೇಲೆ ಕುಸಿದರು. ಗಡ್ಡ ನಡುಗಿತು. "ಅನ್ಯಾಯ! ಇತಿಹಾಸದಾಗ ಇಂಥಾ ಅನ್ಯಾಯ ಆಗಿಲ್ಲ! ಗುತ್ತೆಪ್ಪಾ, ಎಲ್ಲಿದ್ದೀಯೋ? ಕ್ಯಾಮರಾ ತಾ! ಗಿಡ್ಡ ಲೆನ್ಸ ಹಾಕು! ನಾನು, ಈ ಕಲ್ಲು, ಒಳಗ ಕುಂತು ಚಾ ಕುಡಿಯೋ ಮಂದಿ, ಎಲ್ಲಾ ಬರಬೇಕು! ಯಾರನ್ನೂ ಬಿಡಬ್ಯಾಡ!"

"ಅಕ್ಕಪಕ್ಕದ್ದು ಯಾಕ ಅಂದಿದ್ರಲ್ರೀ?" ಅಂದ ಗುತ್ತೆಪ್ಪ ಕಿಟಕಿಯಿಂದ.

"ಮುಂಜಾನಿದು ಮುಂಜಾನಿಗಾತು! ಬಾ ಲಗೂನ, ಹೊತ್ತು ಮುಳಗತೈತಿ!"

ಅನ್ಯಾಯ ಅಂತ ಕೂಗು ಕೇಳಿದ ಮೇಲೆ ಕುಂತಿರುವ ಜಾತಿಯಲ್ಲ ಗುತ್ತೆಪ್ಪ. ಗ್ಲಾಸನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಗೆ ಹೋದ, ಧೂಳಿನಲ್ಲಿ ಮೊಣಕಾಲೂರಿದ, ಕಿಂಡಿಗೆ ಕಣ್ಣು ಹಚ್ಚಿದ. ಎರಡು ಕಲ್ಲಿನ ಮೇಲೆ ಇಬ್ಬರು ಚೌಡಪ್ಪನವರು ಕುಂತಿದ್ದರು. ಬಳೆ ತಿರುವಿದ. ಇಬ್ಬರೂ ಒಬ್ಬರಾದರು. ಹಿಂದೆ ಕಿಟಕಿಯಲ್ಲಿ ಖಾಲಿ ಬಾಕು, ಹೊಗೆಯಾಡುವ ಗ್ಲಾಸು. ಬಸ್ಸಿನ ಮಂದಿ ಮತ್ತೆ ಹೆಗಲಿಗೆ ಗದ್ದ ಊರಿತು. "ಮಾಲಿ ಸರಿ ಮಾಡ್ಕೋರಿ ವಕೀಲರ! ಉಸರ ಹಿಡೀರಿ!"

ಹಲ್ಲಿ ಲೊಚಗುಟ್ಟಿತು. ಅದೇ ಗಳಿಗೆಗೆ ಒಂದು ಕೈ ಬಂದು ಕಿಟಕಿಯ ಕಟ್ಟೆಯ ಮೇಲಿನ ಚಾದ ಗ್ಲಾಸನ್ನು ಎತ್ತಿತು.

ಗುತ್ತೆಪ್ಪ ಒಳಗೆ ಓಡಿದ. "ನನ್ನ ಚಾ?"

"ನೀವು ಎದ್ದು ಹೋದ್ರಿ ಅಂತ ಚೆಲ್ಲಿ ತೊಳದೆ," ಅಂದ ಮೈಲಾರಪ್ಪ, ಗ್ಲಾಸು ಬೋರಲು ಹಾಕುತ್ತ. "ಹಾಲೂ ಮುಗೀತು. ನಾಳಿಗೆ ಬರ್ರಿ."

ಹೊರಗೆ ಮಂಜವ್ವ ಸೆರಗಿನಲ್ಲಿ ನಗು ಹಿಡಿದು ನಿಂತಿದ್ದಳು. "ಒಳಗಿನ ಚಾ ಹೆಂಗಿತ್ತ?"

ಗುತ್ತೆಪ್ಪ ಕ್ಯಾಮರಾದ ಧೂಳು ಒರೆಸಿ ಚೀಲಕ್ಕೆ ಹಾಕಿದ.

"ಫಿಲ್ಮ್ ತೊಳದ ಮ್ಯಾಲ ಹೇಳ್ತೇನಿ," ಅಂದ.