ತಿಪ್ಪೆಯ ಮೇಲಿನ ಕಾಯಿ

ತಿಪಟೂರಿನಲ್ಲಿ ಇದು ಅವರ ಮೂರನೆಯ ಬಾಡಿಗೆ ಮನೆ. ಟ್ರ್ಯಾಕ್ಟರ್ ಶೋರೂಮಿನಲ್ಲಿ ಲೆಕ್ಕ ಬರೆಯುವ ಸುದೀಪ ಸಾಮಾನು ಇಳಿಸಿದ ದಿನವೇ ಎದೆಯುಬ್ಬಿಸಿ ಘೋಷಿಸಿದ: "ಈ ಊರಿನ ರೀತಿರಿವಾಜೆಲ್ಲ ನನಗೀಗ ಅಂಗೈ ನೆಲ್ಲಿಕಾಯಿ! ನಮ್ಮನ್ನ ಈ ಮನೆ ಬಿಡಿಸೋ ಗಂಡು ಇನ್ನೂ ಹುಟ್ಟಿಲ್ಲ!"

"ಬಿಡಿಸೋದು ಹೆಂಗಸು ಕಣ್ರೀ. ಪಕ್ಕದಲ್ಲೇ ಇದ್ದಾರೆ, ಮೆತ್ತಗೆ ಮಾತಾಡಿ" ಎಂದಳು ಹೆಂಡತಿ ಮೋನಿಕಾ. "ಇದೂ ಹೋಯ್ತು ಅಂದ್ರೆ ನಾನು ಸೀದಾ ನಮ್ಮಮ್ಮನ ಮನೆಗೆ."

ಅವಳ ಭಯಕ್ಕೆ ಕಾರಣವಿತ್ತು. ಸುದೀಪ ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ತುತ್ತತುದಿಯಲ್ಲಿ ಬೆಳೆದ ಕುಡಿ. ಮೊದಲ ಮನೆಯ ಯಜಮಾನರು "ಊಟ ಆಯ್ತಾ?" ಎಂದಾಗ "ಯಾಕೆ, ಏನಾಗ್ಬೇಕಿತ್ತು?" ಎಂದಿದ್ದ. ಎರಡನೆಯ ಮನೆಯಲ್ಲಿ, ಸಲೀಸಾಗಿ ಅಡುಗೆಮನೆವರೆಗೂ ಬಂದ ಯಜಮಾನಿಗೆ "ಬರೋ ಮುಂಚೆ ಒಂದು ಫೋನ್ ಮಾಡಿ" ಎಂದಿದ್ದ. ಅವರು ಫೋನ್ ಮಾಡಿದರು, ಮನೆ ಖಾಲಿ ಮಾಡಿ ಎಂದು!

ಈಗಿನ ಯಜಮಾನಿ ಚೌಡಮ್ಮ. ಅವರ ಮನೆಗೂ ಇವರ ಮನೆಗೂ ನಡುವೆ ಒಂದು ತೆಂಗಿನ ಮರ, ಮರದ ಬುಡದಲ್ಲಿ ತಿಪ್ಪೆ, ಆಚೆ ಕೊಟ್ಟಿಗೆಯಲ್ಲಿ ಹೊಸದಾಗಿ ಕರು ಹಾಕಿದ ಹಸು. "ಒಂದು ತಿಂಗ್ಳು ಇರಿ. ನಡತೆ ನೋಡ್ಕಂಡು ಆಮ್ಯಾಕೆ ಅಗ್ರಿಮೆಂಟು" ಎಂದಿದ್ದರು.

ಒಂದು ಬೆಳಗ್ಗೆ ಕೆಲಸಕ್ಕೆ ಹೊರಟವನಿಗೆ ತಿಪ್ಪೆಯ ಮೇಲೆ ಜುಟ್ಟು ಬಿಟ್ಟುಕೊಂಡು ಮಲಗಿದ್ದ ತೆಂಗಿನಕಾಯಿ ಕಂಡಿತು. ಮೇಲೆ ನೋಡಿದ: ಮರ. ಕೆಳಗೆ ನೋಡಿದ: ಕಾಯಿ. ಪರರ ಸ್ವತ್ತು! ಅಪಾರ್ಟ್‌ಮೆಂಟಿನ ಸನಾತನ ಧರ್ಮ ನೆನಪಾಯಿತು: ಇನ್ನೊಬ್ಬರ ಪಾರ್ಸೆಲ್ ಸಿಕ್ಕರೆ ಅವರ ಬಾಗಿಲಲ್ಲಿಡು, ಬೆಲ್ ಒತ್ತಿ ತೊಂದರೆ ಕೊಡಬೇಡ. ಕಾಯಿ ಉರುಳದಿರಲೆಂದು ಒಳಗಿಂದ ಹೆಂಡತಿಯ ಕೆಂಪು ರವಿಕೆ ಕಣ ತಂದು ಸುತ್ತಿದ. ಸ್ನೇಹದ ಗುರುತಿಗೆ ಒಂದು ನಿಂಬೆಹಣ್ಣು ಜೊತೆಗಿಟ್ಟ. ಚೌಡಮ್ಮನ ಹೊಸ್ತಿಲ ಮೇಲೆ, ನಟ್ಟನಡುವೆ!

ಸಂಜೆ ನೋಡಿದರೆ ಚೌಡಮ್ಮನ ಮುಖ ಬಾಡಿತ್ತು. ಮರುದಿನ ತಿಪ್ಪೆಯ ಮೇಲೆ ಮತ್ತೆ ಕಾಯಿ. ಆಹಾ, ಎಂಥ ಮರ! ಮತ್ತೆ ಕೆಂಪು ಬಟ್ಟೆ, ಮತ್ತೆ ನಿಂಬೆಹಣ್ಣು. ಅದರ ಮರುದಿನವೂ ಅಷ್ಟೇ. ಮೋನಿಕಾಳ ರವಿಕೆ ಕಣಗಳು ಕರಗುತ್ತ ಬಂದವು, ಮರದ ಔದಾರ್ಯ ಮಾತ್ರ ಕರಗಲಿಲ್ಲ. ಹೆಂಡತಿಗೂ ಅವನು ಬಾಯಿ ಬಿಡಲಿಲ್ಲ. ಮಹಾತ್ಮರು ತಮ್ಮ ಪುಣ್ಯಕಾರ್ಯಕ್ಕೆ ಡಂಗುರ ಹೊಡೆಸುತ್ತಾರೆಯೆ?

ಭಾನುವಾರ ಚೌಡಮ್ಮನೇ ಬಂದರು. "ಮನೆ ಖಾಲಿ ಮಾಡ್ಬುಡಿ ಕಣಪ್ಪ. ನಿಮ್ಮ ಒಳ್ಳೇದಕ್ಕೇ ಹೇಳ್ತಿವ್ನಿ. ಯಾರೋ ಈ ಜಾಗಕ್ಕೆ ಮಾಟ ಮಾಡ್ಸವ್ರೆ. ಬೆಳಗಾದ್ರೆ ಹೊಸ್ತಿಲ ಮ್ಯಾಲೆ ಕೆಂಪು ಬಟ್ಟೆ, ಕಾಯಿ, ನಿಂಬೆಹಣ್ಣು!"

"ಕೆಂಪು ಬಟ್ಟೆನಾ?" ಮೋನಿಕಾ ನಿಧಾನವಾಗಿ ಗಂಡನತ್ತ ತಿರುಗಿದಳು.

ಸುದೀಪನ ಮುಖ ಊರಗಲವಾಯಿತು. "ಅಯ್ಯೋ, ಅದು ನಾನಮ್ಮಾ! ನಿಮ್ಮ ಕಾಯಿ ನಿಮಗೇ ಸೇರ್ಲಿ ಅಂತ!"

"ಎಲ್ಲಿತ್ತು ಕಾಯಿ?"

"ತಿಪ್ಪೆ ಮೇಲೆ. ನಿಮ್ಮ ಮರದಿಂದ ಬಿದ್ದಿತ್ತು."

"ಸುಲಿದಿತ್ತಾ?"

"ಹೂಂ, ನೀಟಾಗಿ! ಜುಟ್ಟು ಮಾತ್ರ ಬಿಟ್ಟು. ಅಂಗಡೀಲಿ ಸಿಗುತ್ತಲ್ಲ, ಹಾಗೇ."

"ಕುಂಕುಮ?"

"ಅದೂ ಇತ್ತು. ಬಲಿತಿರೋ ಗುರುತು ಅಂದ್ಕೊಂಡೆ."

ಕೊಟ್ಟಿಗೆಯ ಹಸು ಮೆಲುಕು ಹಾಕುವುದನ್ನು ನಿಲ್ಲಿಸಿತು.

"ಲೋ ನನ್ನಪ್ಪಾ," ಚೌಡಮ್ಮ ಜಗಲಿಯ ಮೇಲೆ ಕುಸಿದು ಕೂತರು. "ಹಸಕ್ಕೆ ದೃಷ್ಟಿ ಆಗೈತೆ ಅಂತ ನಾನು ನಿವಾಳಿಸಿ ಎಸೆದ ಕಾಯಿ ಕಣೋ ಅದು! ನಾನು ಎಸೀತೀನಿ, ನೀನು ತಂದಿಕ್ತೀಯ. ನೀನು ತಂದಿಕ್ಕಿದ್ದು ನೋಡಿ ಹೆದರ್ಕಂಡು ನಾನು ಮತ್ತೆ ನಿವಾಳಿಸ್ತೀನಿ! ಸುಲಿದು, ಕುಂಕುಮ ಇಕ್ಕಿ ಉದುರ್ಸೋ ಮರ ಇದ್ದಿದ್ರೆ ತಿಪಟೂರಲ್ಲಿ ಕಾಯಿ ಸುಲಿಯೋರೆಲ್ಲ ಏನ್ಲಾ ಮಾಡ್ಬೇಕಿತ್ತು?"

ಮೋನಿಕಾ ಸೂಟ್‌ಕೇಸ್ ಇಳಿಸಲು ಎದ್ದಳು.

"ನೀನೆಲ್ಲಿಗವ್ವ ಹೊಂಟೆ? ಕುಂತ್ಕೋ. ಇಂಥವನ್ನ ಇನ್ಯಾರು ಇಟ್ಕಂತಾರೆ?" ಎಂದು ಚೌಡಮ್ಮ ತಮ್ಮ ಮನೆಗೆ ಹೋಗಿ ಒಂದು ಹೊಸ ಕಾಯಿ ತಂದರು. ಸಂಧಾನದ ಉಡುಗೊರೆ ಎಂದುಕೊಂಡು ಸುದೀಪ ಎರಡೂ ಕೈ ಚಾಚಿದ.

"ಮುಟ್ಟಬ್ಯಾಡ! ಮೂಡಲಕ್ಕೆ ಮುಖ ಮಾಡಿ ನಿಂತ್ಕೋ. ಹಸಕ್ಕಿಂತ ನಿಂಗೇ ಇದು ಜರೂರು!"

ತಲೆಯಿಂದ ಕಾಲಿನವರೆಗೆ ನಿವಾಳಿಸಿ, ತಿಪ್ಪೆಯತ್ತ ಬೀಸಿ ಎಸೆದು, ಚೌಡಮ್ಮ ಕೈ ಝಾಡಿಸಿಕೊಂಡರು. "ಅಗ್ರಿಮೆಂಟು ನಾಳೆ ಮಾಡ್ಸನ. ಒಂದೇ ಕಂಡೀಷನ್ನು: ಬೆಳಗ್ಗೆ ಎದ್ದು ಅದನ್ನ ಎತ್ಕಂಡು ಬರಬ್ಯಾಡ!"